ಒಂದು ಬುಟ್ಟಿ, ನಾಲ್ಕು ಹೆಣಿಗೆ

ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುವ, ಆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ವಸ್ತುವೊಂದುಂಟು. ಅದು ಗೃಹಿಣಿಯ ಹೆಣಿಗೆಯ ಬುಟ್ಟಿ. ಯಾದಗಿರಿಯಲ್ಲಾಗಲಿ, ಬೆಟ್ಟದ ಮಗ್ಗುಲಿನ ಶಹಾಪುರದಲ್ಲಾಗಲಿ, ಏರುತಗ್ಗಿನ ಬೀದಿಗಳ ಸುರಪುರದಲ್ಲಾಗಲಿ, ಪಡಸಾಲೆಯ ಮೂಲೆಯಲ್ಲಿ ಅಂಥದೊಂದು ಬುಟ್ಟಿ ಇರುವ ಮನೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಯಾವುದಾದರೊಂದನ್ನು ಮನಸ್ಸಿನ ಮುಂದೆ ಇಟ್ಟುಕೊಂಡು ನೋಡಬಹುದು.

ಬುಟ್ಟಿಯ ಮೇಲ್ಭಾಗದಲ್ಲಿ ಎಳೆಹಳದಿ ಬಣ್ಣದ ಪುಟ್ಟ ಸ್ವೆಟರಿನ ಬೆನ್ನುಭಾಗವಿದೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿರುವ ಮಗಳ ಕೂಸಿಗಾಗಿ ಅದು ಸಿದ್ಧವಾಗಬೇಕು. ಅದರ ಕೆಳಗೆ ಮನೆಯ ಯಜಮಾನರ ಬೂದುಬಣ್ಣದ ಮಫ್ಲರ್. ಕಳೆದ ಸಂಕ್ರಾಂತಿಗೆ ಒಂದು ಮೊಳವಾಗಿತ್ತು, ಈಗಲೂ ಒಂದೇ ಮೊಳ. ಅದರ ಪಕ್ಕದಲ್ಲಿ ಬಿಳಿಯ ಹತ್ತಿನೂಲಿನ ಕ್ರೋಷಾ ಹೂಗಳು. ಮೇಜಿನ ಹೊದಿಕೆಯಾಗಬೇಕಾದ ಅವು ಮೂರು ದೀಪಾವಳಿಗಳನ್ನು ಕಂಡಿವೆ. ಜೊತೆಯಿಲ್ಲದ ಒಂದು ಕಾಲುಚೀಲವೂ ಅಲ್ಲಿದೆ. ಇವೆಲ್ಲವುಗಳ ಅಡಿಯಲ್ಲಿ, ಬುಟ್ಟಿಯಲ್ಲಿ ಹಿಡಿಸಲಾರದೆ ಹೊರಗೆ ಮಡಿಸಿಟ್ಟಿರುವುದು ಅತ್ತೆಯವರು ಅರ್ಧಕ್ಕೆ ನಿಲ್ಲಿಸಿದ ಕೌದಿ.

“ಒಂದು ಮುಗಿಯಲಿಲ್ಲ, ಆಗಲೇ ಮತ್ತೊಂದೆ?” ಎಂಬ ಮಾತು ಇಂಥ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಆಡುವವರು ನಗುತ್ತ ಆಡಿದರೂ ಕೇಳುವವಳ ಮನಸ್ಸಿಗೆ ಅದು ಸ್ವಲ್ಪ ಚುಚ್ಚುವುದುಂಟು. ಪಶ್ಚಿಮದ ದೇಶಗಳ ಹೆಣಿಗೆಗಾರ್ತಿಯರು ತಮ್ಮ ಮುಗಿಯದ ಕೆಲಸಗಳಿಗೆ ಹಾಸ್ಯವಾಗಿ ‘ಯು.ಎಫ್.ಓ.’ ಎಂದು ಹೆಸರಿಟ್ಟಿದ್ದಾರೆ; ಆಕಾಶದ ಹಾರುವ ತಟ್ಟೆಗಳಿಗೆ ಸಲ್ಲುವ ಹೆಸರು ಅದು. ಒಂದು ಕಾಲುಚೀಲ ಮುಗಿಸಿ ಎರಡನೆಯದನ್ನು ಹೆಣೆಯಲು ಮನಸ್ಸು ಬಾರದಿರುವುದನ್ನು ಅವರು ‘ಎರಡನೆಯ ಕಾಲುಚೀಲದ ರೋಗ’ ಎಂದು ಕರೆಯುತ್ತಾರೆ. ಎಂದಮೇಲೆ ಈ ವ್ಯಾಧಿ ಬಿಸಿಲುನಾಡಿಗೆ ಮಾತ್ರ ಅಂಟಿದ್ದಲ್ಲ. ಆದರೆ ಇದು ನಿಜವಾಗಿಯೂ ವ್ಯಾಧಿಯೇ? ಹಲವು ಹೆಣಿಗೆಗಳನ್ನು ಒಟ್ಟಿಗೆ ಹಿಡಿಯುವುದು ಚಾಪಲ್ಯವೇ, ಜಾಣತನವೇ? ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಒಳ್ಳೆಯದು.

ಮಗ್ಗದ ಕಟ್ಟು, ಸೂಜಿಯ ಸ್ವಾತಂತ್ರ್ಯ

ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರೆಂದು ಪ್ರಸಿದ್ಧವಾದುದು. ಬಸವಣ್ಣನವರಿಗಿಂತ ಮೊದಲೇ ಬಾಳಿದ ಈ ವಚನಕಾರನದು ನೇಯ್ಗೆಯ ಕಾಯಕ. ಅವನ ಅಂಕಿತ ರಾಮನಾಥ. ಅವನು ಬಹುಕಾಲ ಶ್ರಮಿಸಿ ಒಂದು ದಿವ್ಯವಸ್ತ್ರವನ್ನು ನೇಯ್ದನೆಂದೂ, ಜಂಗಮನ ವೇಷದಲ್ಲಿ ಬಂದ ಶಿವನು ಅದನ್ನು ಬೇಡಿ ಪಡೆದು ಕಣ್ಣೆದುರಿಗೇ ಹರಿದು ಹಾಕಿದರೂ ಅವನು ಕದಲಲಿಲ್ಲವೆಂದೂ, ಮೆಚ್ಚಿದ ಶಿವನು ಅವನಿಗೆ ತವನಿಧಿಯನ್ನು ದಯಪಾಲಿಸಿದನೆಂದೂ ಕಥೆಯಿದೆ. ಕಥೆಯ ಭಕ್ತಿಯನ್ನು ಭಕ್ತರಿಗೆ ಬಿಟ್ಟು ಅದರಲ್ಲಿನ ಕೈಗೆಲಸದ ಸಂಗತಿಯನ್ನಷ್ಟೇ ಗಮನಿಸಿದರೆ ಒಂದು ಅಂಶ ಎದ್ದು ಕಾಣುತ್ತದೆ: ಅಲ್ಲಿರುವುದು ಒಂದೇ ಬಟ್ಟೆ.

ಮಗ್ಗದ ಸ್ವಭಾವವೇ ಅದು. ಹಾಸನ್ನು ಒಮ್ಮೆ ಬಿಗಿದು ಕಟ್ಟಿದಮೇಲೆ ಆ ಬಟ್ಟೆ ಮುಗಿದು ಕತ್ತರಿಸುವ ತನಕ ಮಗ್ಗ ಮತ್ತೊಂದಕ್ಕೆ ಎಡೆಗೊಡುವುದಿಲ್ಲ. ನೇಕಾರನಿಗೆ ಮನಸ್ಸು ಬದಲಿಸುವ ಅವಕಾಶವಿಲ್ಲ. ಸೂಜಿ, ಕಡ್ಡಿಗಳ ಲೋಕ ಹಾಗಲ್ಲ. ಎರಡು ಕಡ್ಡಿ, ಒಂದು ಉಂಡೆ ಉಣ್ಣೆಯಿದ್ದರೆ ಹೊಸದೊಂದು ಹೆಣಿಗೆ ಹುಟ್ಟುತ್ತದೆ. ಇನ್ನೆರಡು ಕಡ್ಡಿ ಕೊಂಡರೆ ಇನ್ನೊಂದು. ಮಗ್ಗವು ತಾನಾಗಿ ವಿಧಿಸುತ್ತಿದ್ದ ಶಿಸ್ತನ್ನು ಇಲ್ಲಿ ಹೆಣೆಯುವವಳೇ ತನಗೆ ತಾನು ವಿಧಿಸಿಕೊಳ್ಳಬೇಕಾಗುತ್ತದೆ. ಬುಟ್ಟಿ ತುಂಬುವುದಕ್ಕೆ ಮೂಲಕಾರಣ ಈ ಸ್ವಾತಂತ್ರ್ಯವೇ.

ಕುಣಿಕೆಗಳ ಲೆಕ್ಕ

ಕೈಗೆಲಸಕ್ಕೆ ಲೆಕ್ಕವೇಕೆಂದು ಕೇಳಬಾರದು. ಹೆಣಿಗೆಯಷ್ಟು ಲೆಕ್ಕವನ್ನು ಬೇಡುವ ಮನೆಗೆಲಸ ಬೇರೊಂದಿಲ್ಲ. ಸುತ್ತಳತೆ 22 ಅಂಗುಲ, ಉದ್ದ 12 ಅಂಗುಲವಿರುವ ಮಗುವಿನ ಸ್ವೆಟರನ್ನು ತೆಗೆದುಕೊಂಡರೆ, ಅಂಗುಲಕ್ಕೆ 6 ಕುಣಿಕೆಯಂತೆ ಸುತ್ತಿಗೆ 132 ಕುಣಿಕೆ. ಅಂಗುಲಕ್ಕೆ 8 ಸಾಲಿನಂತೆ 96 ಸಾಲು. ಒಟ್ಟು 12,672 ಕುಣಿಕೆಗಳಾದುವು. ತೋಳುಗಳ ಮಾತು ಬೇರೆ. ನಿಮಿಷಕ್ಕೆ 30 ಕುಣಿಕೆ ಹಾಕುವ ಪಳಗಿದ ಕೈಗೂ ಇದು ಸುಮಾರು 7 ತಾಸಿನ ಕೆಲಸ. ಅಡಿಗೆ, ಮಕ್ಕಳು, ಬಂದುಹೋಗುವವರು ಎಲ್ಲ ಕಳೆದು ದಿನಕ್ಕೆ ಅರ್ಧ ತಾಸು ದೊರೆತರೆ 14 ದಿನಗಳಲ್ಲಿ ಸ್ವೆಟರಿನ ಮೈ ಮುಗಿಯುತ್ತದೆ.

ಈಗ ಬುಟ್ಟಿಯಲ್ಲಿ ಇಷ್ಟೇ ಶ್ರಮದ ನಾಲ್ಕು ಕೆಲಸಗಳಿವೆಯೆಂದು ಭಾವಿಸಬೇಕು. ಒಂದನ್ನು ಮುಗಿಸಿ ಮತ್ತೊಂದನ್ನು ಹಿಡಿದರೆ ಮೊದಲನೆಯದು 14ನೆಯ ದಿನ, ಎರಡನೆಯದು 28ನೆಯ ದಿನ, ಮೂರನೆಯದು 42ನೆಯ ದಿನ, ನಾಲ್ಕನೆಯದು 56ನೆಯ ದಿನ ಕೈಸೇರುತ್ತವೆ. ಅದರ ಬದಲಿಗೆ ಇಂದು ಇದು, ನಾಳೆ ಅದು ಎಂದು ಸರದಿಯಂತೆ ನಾಲ್ಕನ್ನೂ ಹೆಣೆದರೆ ಆಗುವುದೇನು? ಮೊದಲನೆಯದು ಮುಗಿಯುವುದು 53ನೆಯ ದಿನ. ಉಳಿದವು 54, 55, 56ನೆಯ ದಿನಗಳಲ್ಲಿ. ಶ್ರಮ ಒಂದೇ, ಕೊನೆಯ ದಿನವೂ ಒಂದೇ. ಆದರೆ ಎರಡು ವಾರದಲ್ಲಿ ಬೆಚ್ಚಗಾಗಬೇಕಾಗಿದ್ದ ಕೂಸು ಏಳೂವರೆ ವಾರ ಕಾಯಬೇಕಾಯಿತು. ಅದರಿಂದ ಯಾರಿಗೂ ಲಾಭವಾಗಲಿಲ್ಲ.

ಯಾದಗಿರಿ ಜಿಲ್ಲೆಯಲ್ಲಿ ಈ ಕಾಯುವಿಕೆ ಸಣ್ಣ ಸಂಗತಿಯಲ್ಲ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಈ ನಾಡಿನಲ್ಲಿ ಉಣ್ಣೆ ತೊಡುವಂಥ ಚಳಿಯಿರುವುದು ಧನುರ್ಮಾಸದ ಹಿಂದುಮುಂದಿನ ಕೆಲವೇ ವಾರ. ಸಂಕ್ರಾಂತಿ ದಾಟಿದಮೇಲೆ ಮುಗಿದ ಸ್ವೆಟರು ಪೆಟ್ಟಿಗೆ ಸೇರುತ್ತದೆ. ಮುಂದಿನ ಚಳಿಗೆ ಹೊರತೆಗೆದಾಗ ಕೂಸು ಅದೇ ಕೂಸಾಗಿರುವುದಿಲ್ಲ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರು ಉದ್ದವಿರುವ ಶಿಶು ವರ್ಷ ತುಂಬುವಷ್ಟರಲ್ಲಿ ಸುಮಾರು 75 ಸೆಂಟಿಮೀಟರಾಗುತ್ತದೆ. ಹೆಣಿಗೆ ನಿಧಾನವಾಗಬಹುದು, ಮಗುವಿನ ಬೆಳವಣಿಗೆ ನಿಲ್ಲುವುದಿಲ್ಲ.

1962ರ ಚೀನಾ ಯುದ್ಧದ ಕಾಲದಲ್ಲಿ ದೇಶದ ಅನೇಕ ಊರುಗಳ ಮಹಿಳೆಯರು ಜವಾನರಿಗಾಗಿ ಸ್ವೆಟರುಗಳನ್ನು ಹೆಣೆದುಕೊಟ್ಟರು. ಹಿಮಾಲಯದ ಚಳಿ ಯಾರ ಬಿಡುವಿಗೂ ಕಾಯುವಂಥದಲ್ಲವೆಂಬುದನ್ನು ಅಂದು ಯಾರೂ ಬೋಧಿಸಬೇಕಾಗಿರಲಿಲ್ಲ. ಮನೆಯ ಕೂಸಿನ ಚಳಿಯೂ ಹಾಗೆಯೇ. ಆದುದರಿಂದ ಮೊದಲನೆಯ ನಿಯಮ ಹೀಗೆ: ದಿನ ಗೊತ್ತಾದ ಕೆಲಸಕ್ಕೆ ದಿನದ ಒಳ್ಳೆಯ ಹೊತ್ತು ಸಲ್ಲತಕ್ಕದ್ದು. ಉಳಿದ ಹೆಣಿಗೆಗಳು ಅದರ ಹೊತ್ತನ್ನು ಕದಿಯಬಾರದು.

ಬಸ್ಸಿಗೊಂದು, ಬಿಸಿಲಿಗೊಂದು

ಹಾಗಾದರೆ ಉಳಿದ ಮೂರನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಬೇಕೆ? ಬೇಕಾಗಿಲ್ಲ. ಮೊದಲನೆಯ ಕೆಲಸಕ್ಕೆ ಒದಗದ ಹೊತ್ತು ಪ್ರತಿಯೊಬ್ಬ ಗೃಹಿಣಿಯ ದಿನದಲ್ಲಿಯೂ ಸಾಕಷ್ಟು ಇರುತ್ತದೆ. ಉಳಿದವು ಬದುಕಬೇಕಾದುದು ಆ ಹೊತ್ತಿನಲ್ಲಿ.

ಯಾದಗಿರಿ ಮುಂಬಯಿ–ಮದರಾಸು ರೈಲುಮಾರ್ಗದ ಊರು. ಎರಡು ಕಡೆಯ ಹಳಿಗಳು ರಾಯಚೂರಿನಲ್ಲಿ ಕೂಡಿ ಈ ಮಾರ್ಗ ಪೂರ್ಣವಾದುದು 1871ರಲ್ಲಿ. ಶಹಾಪುರ, ಸುರಪುರಗಳ ಜನ ಈ ಮಾರ್ಗದ ರೈಲನ್ನು ಹಿಡಿಯಬೇಕಾದರೆ ಭೀಮಾ ನದಿಯನ್ನು ದಾಟಿ ಬಸ್ಸಿನಲ್ಲಿ ಯಾದಗಿರಿಗೆ ಬರಬೇಕು. ಕಚೇರಿಯ ಕೆಲಸ, ಆಸ್ಪತ್ರೆ, ಮದುವೆ ಎಂದು ಈ ದಾರಿಯಲ್ಲಿ ಓಡಾಡುವವರು ಬಹಳ. ಇಂಥ ಪ್ರಯಾಣಕ್ಕೆ ಹೇಳಿಮಾಡಿಸಿದ ಕೆಲಸವೆಂದರೆ ಕ್ರೋಷಾ. ಏಕೆಂಬುದನ್ನು ತಿಳಿಯಬೇಕಾದರೆ ಎರಡು ಕಲೆಗಳ ಒಳಗುಟ್ಟನ್ನು ಅರಿಯಬೇಕು. ಕಡ್ಡಿಯ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಜೀವಂತವಾಗಿರುತ್ತವೆ. ಕಡ್ಡಿ ಜಾರಿದರೆ ಅಷ್ಟೂ ಬಿಚ್ಚಿಕೊಳ್ಳಬಹುದು. ಕ್ರೋಷಾದಲ್ಲಿ ಸಾಮಾನ್ಯವಾಗಿ ಒಂದು ಹೊಲಿಗೆ ಮುಗಿದಾಗ ಕೊಕ್ಕೆಸೂಜಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಕಂಡಕ್ಟರು ಬಂದು ಟಿಕೆಟ್ ಕೇಳಿದರೆ ಕೆಲಸವನ್ನು ಹಾಗೆಯೇ ಮಡಿಲಿಗೆ ಬಿಡಬಹುದು. ಬಸ್ಸು ಕುಲುಕಿ ಸೂಜಿ ಜಾರಿದರೂ ನಷ್ಟ ನಾಲ್ಕೆಂಟು ಹೊಲಿಗೆಗಳಷ್ಟೇ. ಒಂದೊಂದೇ ಹೂವಾಗಿ ಹೆಣೆದು ಕೊನೆಗೆ ಜೋಡಿಸುವ ಮೇಜಿನ ಹೊದಿಕೆಯಾದರಂತೂ ಕೈಚೀಲದಲ್ಲಿ ಹಿಡಿಸುತ್ತದೆ. ಊರಿಗೊಂದು ಹೂವಿನಂತೆ ಅದು ಬೆಳೆಯುತ್ತ ಹೋಗುತ್ತದೆ.

ಮಫ್ಲರಿನ ಕೆಲಸ ಬೇರೆ. ಅದು ಆದಿಯಿಂದ ಅಂತ್ಯದವರೆಗೆ ಒಂದೇ ಸಾದಾ ಹೆಣಿಗೆ. ಎಣಿಕೆ ಬೇಡ, ಕಣ್ಣೂ ಬೇಡ. ಮಗ ಪಾಠ ಒಪ್ಪಿಸುವಾಗ, ನೆರೆಯವರು ಮಾತಿಗೆ ಕುಳಿತಾಗ, ದೂರದರ್ಶನದ ಧಾರಾವಾಹಿ ನಡೆಯುತ್ತಿರುವಾಗ ಅದನ್ನು ಮುಂದುವರಿಸಬಹುದು. ಕಣ್ಣಿಗೆ ಒಂದು ಕೆಲಸ, ಕೈಗೆ ಮತ್ತೊಂದು ಎಂಬುದು ಈ ನೆಲಕ್ಕೆ ಹೊಸದೂ ಅಲ್ಲ. ದಖ್ಖಣದ ಕುರುಬರು ಕುರಿಯ ಹಿಂಡಿನ ಮೇಲೆ ದೃಷ್ಟಿಯಿಟ್ಟು ನಡೆಯುತ್ತಲೇ ತಕಲಿಯಲ್ಲಿ ಉಣ್ಣೆ ನೂಲುತ್ತ ಬಂದವರು. ಆ ನೂಲೇ ಕುಣಿಮಗ್ಗದಲ್ಲಿ, ಹುಣಿಸೆಬೀಜದ ಗಂಜಿಯ ಬಿಗುವನ್ನು ಪಡೆದು ಕಂಬಳಿಯಾಗುತ್ತದೆ. ಕುರುಬನು ಎರಡು ಕೆಲಸಗಳನ್ನು ಬೆರೆಸುವುದಿಲ್ಲ. ಒಂದು ಬಿಟ್ಟುಕೊಟ್ಟ ಅಂಗವನ್ನು ಇನ್ನೊಂದಕ್ಕೆ ಹಚ್ಚುತ್ತಾನೆ. ಬುಟ್ಟಿಯೊಡತಿ ಕಲಿಯಬೇಕಾದ ಪಾಠವೂ ಅದೇ.

ಋತುವಿನ ಮಾತನ್ನೂ ಮರೆಯಬಾರದು. ಚೈತ್ರ ವೈಶಾಖಗಳಲ್ಲಿ ಬೆವತ ಅಂಗೈಗೆ ಉಣ್ಣೆ ಅಂಟಿಕೊಳ್ಳುತ್ತದೆ. ಆಗ ಹತ್ತಿನೂಲೇ ಹಿತ. ಆಶ್ವೀಜದ ಹೊತ್ತಿಗೆ ಉಣ್ಣೆಯನ್ನು ಕೈಗೆತ್ತಿಕೊಂಡರೆ ಧನುರ್ಮಾಸಕ್ಕೆ ಬಟ್ಟೆ ಸಿದ್ಧ. ಹೀಗೆ ಸ್ಥಳಕ್ಕೊಂದು, ಹೊತ್ತಿಗೊಂದು, ಋತುವಿಗೊಂದು ಎಂದು ಹಂಚಿಕೊಂಡಾಗ ನಾಲ್ಕು ಹೆಣಿಗೆಗಳು ಒಂದಕ್ಕೊಂದು ಪೈಪೋಟಿಗೆ ನಿಲ್ಲುವುದಿಲ್ಲ. ಒಂದೇ ಹೊತ್ತಿಗೆ, ಒಂದೇ ಕುರ್ಚಿಗೆ ಸಲ್ಲುವ ಎರಡು ಸ್ವೆಟರುಗಳನ್ನು ಒಟ್ಟಿಗೆ ಹಿಡಿಯುವುದೇ ತಪ್ಪು.

ನೆನಪಿನ ಚೀಟಿ

ಬದಿಗಿಟ್ಟ ಕೆಲಸವನ್ನು ಮತ್ತೆ ಎತ್ತಿಕೊಂಡಾಗ ಬರುವ ಕಷ್ಟ ಹೆಣೆದವರಿಗೇ ಗೊತ್ತು. “ಎಲ್ಲಿಗೆ ನಿಲ್ಲಿಸಿದ್ದೆ? ಯಾವ ಕಡ್ಡಿ ಬಳಸಿದ್ದೆ?” ಎಂಬ ಪ್ರಶ್ನೆಗಳಿಗೆ ಬುಟ್ಟಿ ಉತ್ತರ ಕೊಡುವುದಿಲ್ಲ. ಹಲವು ಹೆಣಿಗೆಗಳಿರುವ ಮನೆಯಲ್ಲಿ ಬಹುಬಾರಿ ಆಗುವ ಅನಾಹುತವೆಂದರೆ ಒಂದರ ಕಡ್ಡಿಯನ್ನು ಇನ್ನೊಂದಕ್ಕೆ ಎರವಲು ಪಡೆಯುವುದು. ಕುಣಿಕೆಗಳನ್ನು ನೂಲಿಗೆ ಪೋಣಿಸಿ ಕಡ್ಡಿಯನ್ನು ಎಳೆದುಕೊಂಡದ್ದು ನೆನಪಿರುತ್ತದೆ. ಅದರ ಸಂಖ್ಯೆ ನೆನಪಿರುವುದಿಲ್ಲ. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಕ್ರಮದಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ: 8ನೆಯದು 4 ಮಿಲಿಮೀಟರು, 10ನೆಯದು 3.25 ಮಿಲಿಮೀಟರು. ಕಡ್ಡಿ ಬದಲಾದರೆ, ಅಥವಾ ತಿಂಗಳುಗಟ್ಟಲೆ ಬಿಟ್ಟು ಹಿಡಿದ ಕೈಯ ಬಿಗಿತ ಬದಲಾದರೆ, ಅಂಗುಲಕ್ಕೆ 6 ಬರುತ್ತಿದ್ದ ಕುಣಿಕೆ ಐದೂವರೆಯಾಗಬಹುದು. ಕೇವಲ ಅರ್ಧ ಕುಣಿಕೆ! ಆದರೆ 132 ಕುಣಿಕೆಗಳ ಸುತ್ತಿನಲ್ಲಿ 22 ಅಂಗುಲ 24 ಅಂಗುಲವಾಗುತ್ತದೆ. ಸ್ವೆಟರಿನ ಕೆಳಭಾಗ ಒಬ್ಬನಿಗೆ, ಮೇಲ್ಭಾಗ ಇನ್ನೊಬ್ಬನಿಗೆ ಎನ್ನುವಂತಾಗುತ್ತದೆ.

ಉಪಾಯ ಸುಲಭ. ಪ್ರತಿಯೊಂದು ಹೆಣಿಗೆಗೂ ಬೇರೆ ಚೀಲ. ಅದರೊಳಗೆ ಒಂದು ಚೀಟಿ. ಯಾರಿಗಾಗಿ, ಯಾವ ದಿನಕ್ಕೆ, ಕಡ್ಡಿಯ ಸಂಖ್ಯೆ, ಒಟ್ಟು ಕುಣಿಕೆ, ಮುಗಿದ ಸಾಲು, ಅಂಗುಲಕ್ಕೆ ಎಷ್ಟು ಎಂಬ ಆರು ಮಾತುಗಳು ಅದರಲ್ಲಿದ್ದರೆ ಸಾಕು. ಉಣ್ಣೆಯ ಉಂಡೆಗೆ ಸುತ್ತಿ ಬಂದ ಕಾಗದದ ಪಟ್ಟಿಯನ್ನು ಎಸೆಯಬಾರದು. ಒಂದೇ ಹೆಸರಿನ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ನೂಲಿನಲ್ಲಿ ಛಾಯಾಭೇದವಿರುವುದರಿಂದ ಪಟ್ಟಿಯ ಮೇಲಿನ ಬಣ್ಣದ ಸಂಖ್ಯೆಯೂ ಕಂತಿನ ಸಂಖ್ಯೆಯೂ ಮುಂದೆ ಬೇಕಾಗುತ್ತವೆ. ಬೇಕಾದಷ್ಟು ನೂಲನ್ನು ಒಮ್ಮೆಲೇ ಕೊಳ್ಳುವುದು ಉತ್ತಮ. ನಾಲ್ಕು ಹೆಣಿಗೆಗೆ ನೂಲು ಕೊಂಡಾಗ ನಾಲ್ಕರ ಹಣವೂ ಬುಟ್ಟಿಯಲ್ಲಿ ಸಿಕ್ಕಿಬೀಳುತ್ತದೆಂಬುದನ್ನು ಮಾತ್ರ ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರು ನೆನಪಿಡಬೇಕು.

ಬಿಚ್ಚುವ ಧೈರ್ಯ

ಅಪೂರ್ಣ ಕೆಲಸ ಮನಸ್ಸನ್ನು ಕಾಡುತ್ತದೆಂಬುದು ಹಳೆಯ ನಂಬಿಕೆ. ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿ ಬರ್ಲಿನ್ನಿನಲ್ಲಿ ಜನರಿಗೆ ಒಗಟು, ಲೆಕ್ಕ, ಮಣ್ಣಿನ ಗೊಂಬೆ ಮುಂತಾದ ಸಣ್ಣ ಕೆಲಸಗಳನ್ನು ಕೊಟ್ಟು, ಕೆಲವನ್ನು ನಡುವೆಯೇ ತಡೆದು ಪರೀಕ್ಷಿಸಿದಳು. ತಡೆದ ಕೆಲಸಗಳೇ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆಂದು 1927ರಲ್ಲಿ ಪ್ರಕಟಿಸಿದಳು. ಅನಂತರದ ಪರೀಕ್ಷೆಗಳಲ್ಲಿ ಈ ನೆನಪಿನ ಮಾತು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ ತಡೆದ ಕೆಲಸವನ್ನು ಅವಕಾಶ ದೊರೆತೊಡನೆ ಮತ್ತೆ ಎತ್ತಿಕೊಳ್ಳಲು ಮನುಷ್ಯ ಹವಣಿಸುತ್ತಾನೆಂಬ ಅಂಶ ಉಳಿದುಕೊಂಡಿದೆ. ಬುಟ್ಟಿಯ ಮುಂದೆ ಹಾದುಹೋಗುವಾಗಲೆಲ್ಲ ಕೈ ತುಡಿಯುವುದು ಈ ಕಾರಣದಿಂದ.

ಆದರೆ ಎತ್ತಿಕೊಳ್ಳಬೇಕೆನಿಸದ ಹೆಣಿಗೆಯೂ ಇರುತ್ತದೆ. ಯಾರಿಗಾಗಿ ತೊಡಗಿದೆವೋ ಅವರು ಬೆಳೆದುಬಿಟ್ಟಿರಬಹುದು. ಬಣ್ಣ ಬೇಸರ ತಂದಿರಬಹುದು. ಅಂಥದನ್ನು ಬಿಚ್ಚುವುದರಲ್ಲಿ ಅವಮಾನವೇನೂ ಇಲ್ಲ. ಕತ್ತರಿಸಿದ ಬಟ್ಟೆ ಮತ್ತೆ ಥಾನಾಗದು. ಹೆಣಿಗೆಯಾದರೋ ಮತ್ತೆ ನೂಲಾಗುತ್ತದೆ. ಬಿಚ್ಚಿದ ಉಣ್ಣೆಯನ್ನು ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಿಸಿ ನೆರಳಿನಲ್ಲಿ ತೂಗುಹಾಕಿದರೆ ಸುಕ್ಕು ಹೋಗಿ ಮತ್ತೆ ಬಳಕೆಗೆ ಬರುತ್ತದೆ. ಒಂಟಿ ಕಾಲುಚೀಲದ ನೂಲು ಕೂಸಿನ ಕುಲಾವಿಯಾಗಬಹುದು. ಒಂದು ಹೆಣಿಗೆ ಹೋದರೂ ನೂಲು ಉಳಿಯಿತು, ಮನಸ್ಸಿನ ಭಾರ ಇಳಿಯಿತು.

ಬಿಡುವಿನ ಕೆಲಸವೆಂಬ ಹೆಸರು

ಇಷ್ಟೆಲ್ಲ ಹೇಳಿದಮೇಲೆ ಮನೆಯ ಇತರರಿಗೂ ಒಂದು ಮಾತು ಸಲ್ಲುತ್ತದೆ. ಹೆಣ್ಣಿನ ಕೈಗೆಲಸವನ್ನು ‘ಬಿಡುವಿನ ಕೆಲಸ’ವೆಂದು ಕರೆಯುವುದು ಲೋಕರೂಢಿ. ಆಂಧ್ರದ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಮೂಲಕ ಬೇರೂರಿದ ಕ್ರೋಷಾ ಕಸೂತಿ ಹೊರದೇಶಗಳಿಗೆ ರಫ್ತಾಗುವ ಉದ್ಯಮವಾಗಿ ಬೆಳೆಯಿತು. ಒಬ್ಬಳು ಹೂ ಹೆಣೆದರೆ ಇನ್ನೊಬ್ಬಳು ಜೋಡಿಸುವ ವ್ಯವಸ್ಥೆ ಅಲ್ಲಿಯದು. ಮಾರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಆ ಹೆಂಗಸರ ಬಾಳನ್ನು ಅಭ್ಯಸಿಸಿ 1982ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದಳು. ದಿನವಿಡೀ ದುಡಿದರೂ ಅವರನ್ನು ಕೆಲಸಗಾರರೆಂದು ಎಣಿಸದೆ, ಮನೆಯಲ್ಲಿ ಕುಳಿತು ಹೊತ್ತು ಕಳೆಯುವ ಗೃಹಿಣಿಯರೆಂದು ತಿಳಿದುದರಿಂದಲೇ ಕೂಲಿ ಅತಿ ಕಡಿಮೆಯಾಗಿತ್ತೆಂದು ಆಕೆ ತೋರಿಸಿಕೊಟ್ಟಳು.

ಹತ್ತಿರದ ಉದಾಹರಣೆಯೂ ಉಂಟು. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತ ಲಂಬಾಣಿ ತಾಂಡಾಗಳು ಹಲವಾರು. ಕನ್ನಡಿ, ಕವಡೆ, ನಾಣ್ಯಗಳನ್ನು ಕೂಡಿಸಿದ ಫೇಟಿಯಾ, ಕಾಂಚಳಿಗಳ ಕಸೂತಿ ಆ ಸಮುದಾಯದ ಹೆಣ್ಣುಮಕ್ಕಳ ಪರಂಪರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ ಕಲಾಕೇಂದ್ರದೊಡನೆ ಸೇರಿದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ತುಂಡು ತುಂಡು ಹೊತ್ತಿನಲ್ಲಿ ಆದ ಕೆಲಸವನ್ನು ಒಂದೆಡೆ ಕೂಡಿಸಿ ಎಣಿಸಿದಾಗಲೇ ಲೋಕಕ್ಕೆ ಅದರ ಗಾತ್ರ ತಿಳಿದುದು. ಬುಟ್ಟಿಯಲ್ಲಿ ನಾಲ್ಕು ಹೆಣಿಗೆಗಳಿರುವುದಕ್ಕೆ ಮನಸ್ಸಿನ ಚಪಲವೊಂದೇ ಕಾರಣವಲ್ಲ. ಒಟ್ಟಿಗೆ ಎರಡು ತಾಸು ಆಕೆಗೆ ದೊರೆಯುವುದಿಲ್ಲ. ದೊರೆಯುವುದು ಹತ್ತು ನಿಮಿಷದ ಚೂರುಗಳು. ಆ ಚೂರುಗಳಿಗೆ ಒಪ್ಪುವಂತೆ ಆಕೆ ಕೆಲಸಗಳನ್ನು ಆರಿಸಿಕೊಂಡಿರುತ್ತಾಳೆ. ಪರಿಹಾಸ್ಯ ಮಾಡುವವರು ಸಂಜೆಯ ಅರ್ಧ ತಾಸು ಅಡಿಗೆಮನೆಯ ಕಡೆ ನೋಡಿಕೊಂಡರೆ ಮಫ್ಲರು ಈ ಚಳಿಗೇ ಕೊರಳೇರಬಹುದು.

ಮಡಿಸಿಟ್ಟ ಕೌದಿ

ಈಗ ಬುಟ್ಟಿಯ ಅಡಿಯಲ್ಲಿರುವ ಕೌದಿಯ ಮಾತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ತುಂಡುಬಟ್ಟೆಗಳನ್ನು ಕೂಡಿಸಿ, ಸಾಲುಸಾಲಾಗಿ ಹೊಲಿದ ಕೌದಿ ಉತ್ತರ ಕರ್ನಾಟಕದ ಮನೆಮನೆಯ ಹೊದಿಕೆ. ಅದರಲ್ಲಿ ಅತ್ತೆಯವರ ಧಾರೆಯ ಸೀರೆಯ ಅಂಚಿದೆ. ಇಂದು ತಾಯಿಯಾಗಲಿರುವ ಮಗಳ ಎಳೆತನದ ಲಂಗದ ತುಂಡಿದೆ. ಅತ್ತೆಯವರಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಇದನ್ನು ಬಿಚ್ಚುವಂತಿಲ್ಲ, ಬಸ್ಸಿಗೆ ಒಯ್ಯುವಂತಿಲ್ಲ, ಹತ್ತು ನಿಮಿಷದ ಚೂರಿನಲ್ಲಿ ಮುಗಿಸುವಂತೆಯೂ ಇಲ್ಲ. ನೆಲದ ಮೇಲೆ ಹರಡಿಕೊಂಡು ಇಬ್ಬರು ಎದುರುಬದುರು ಕುಳಿತು ಹೊಲಿಯಬೇಕಾದ ಕೆಲಸ ಇದು.

ಇದಕ್ಕೆ ಚೀಟಿಯಲ್ಲಿ ಬರೆಯಲು ತಾರೀಖು ಇಲ್ಲವೆಂದು ತೋರಬಹುದು. ಆದರೆ ನಾಲ್ಕು ಹೆಣಿಗೆಗಳಿಗಿಂತ ಸಮೀಪದ ತಾರೀಖು ಇದರದೇ. ಮಾಡಿದವರು ನೋಡಿ ಮುಟ್ಟುವಷ್ಟರಲ್ಲಿ ಅದು ಮುಗಿಯಬೇಕು. ಶಾಲೆಗಳಿಗೆ ರಜೆ ಬಂದು, ಬಿಸಿಲಿಗೆ ಯಾರೂ ಹೊರಗೆ ಹೋಗಲಾರದ ಮಧ್ಯಾಹ್ನಗಳಲ್ಲಿ ಉಳಿದುದನ್ನೆಲ್ಲ ಕಟ್ಟಿಟ್ಟು ಇದೊಂದನ್ನೇ ಹರಡಿಕೊಂಡರೆ ಒಂದು ರಜೆಗೆ ಮುಗಿದೀತು. ಅತ್ತೆ ಬದಿಗೆ ಕುಳಿತು ಯಾವ ತುಂಡು ಯಾರದೆಂದು ಹೇಳುತ್ತಾರೆ, ಮೊಮ್ಮಗಳು ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ, ಸೊಸೆ ಹೊಲಿಯುತ್ತಾಳೆ.

ಅತ್ತೆಯ ಟಾಕು ಸಣ್ಣದು, ಒತ್ತಾದುದು. ಸೊಸೆಯದು ಸ್ವಲ್ಪ ಉದ್ದ. ಕೌದಿ ಮುಗಿದಮೇಲೂ ಒಬ್ಬರ ಕೈ ನಿಂತು ಇನ್ನೊಬ್ಬರ ಕೈ ತೊಡಗಿದ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಸರಿಪಡಿಸುವ ಅಗತ್ಯವಿಲ್ಲ. ಕೂಸನ್ನು ಅದರ ಮೇಲೆ ಮಲಗಿಸಬಹುದು.